ಆರಾಧನೆ ಮತ್ತು ವೀಕ್ಷಣೆ: ಇಂಡಿಯಾನಾದ ಕೊಲಂಬಸ್ ನಗರದ ಚರ್ಚುಗಳು

ಪ್ರಾರ್ಥನೆಗೆಂದು ಕಟ್ಟಿದ ಮನೆಯು ಪ್ರವಾಸಿಗರು ನೋಡಿ ಹೋಗುವ ತಾಣವಾದಾಗ ಅದರ ಪಾವಿತ್ರ್ಯಕ್ಕೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಪ್ರಾಚೀನ ಕಟ್ಟಡಗಳ ಎದುರಿನಲ್ಲಿ ಕೇಳಲಾಗುತ್ತದೆ. ಅಲ್ಲಿ ಕಾಲವೇ ಅರ್ಧ ಉತ್ತರವನ್ನು ಕೊಟ್ಟುಬಿಟ್ಟಿರುತ್ತದೆ. ಕಟ್ಟಿಸಿದವರ ರಾಜ್ಯ ಅಳಿದು, ಪೂಜಿಸಿದವರ ಸಂತತಿ ಚದುರಿ, ಉಳಿದ ಕಲ್ಲುಗಳ ಹೊಣೆಯನ್ನು ಪುರಾತತ್ವ ಇಲಾಖೆ ಹೊತ್ತುಕೊಂಡ ಮೇಲೆ ಪ್ರಶ್ನೆಯ ಮೊನೆ ಮೊಂಡಾಗಿರುತ್ತದೆ. ಕಟ್ಟಿಸಿದವರ ಮಕ್ಕಳು ಮೊಮ್ಮಕ್ಕಳು ಇನ್ನೂ ಬದುಕಿರುವ, ಭಾನುವಾರ ಬೆಳಿಗ್ಗೆ ಪ್ರಾರ್ಥನೆ ನಡೆದು ವಾರದ ಉಳಿದ ದಿನಗಳಲ್ಲಿ ಪ್ರವಾಸಿಗರು ಬಂದು ಹೋಗುವ ಕಟ್ಟಡಗಳಲ್ಲಿ ಅದೇ ಪ್ರಶ್ನೆ ಹರಿತವಾಗಿ ಎದುರಾಗುತ್ತದೆ. ಅಮೆರಿಕದ ಮಧ್ಯಪಶ್ಚಿಮ ಭಾಗದಲ್ಲಿರುವ ಇಂಡಿಯಾನಾ ರಾಜ್ಯದ ಕೊಲಂಬಸ್ ಎಂಬ ಸಣ್ಣ ನಗರ ಈ ಪ್ರಶ್ನೆಯನ್ನು ಕೇಳಿಕೊಳ್ಳಲು ಬಹಳ ತಕ್ಕ ಸ್ಥಳ.

ರಾಜಧಾನಿ ಇಂಡಿಯಾನಾಪೊಲಿಸ್‌ನಿಂದ ದಕ್ಷಿಣಕ್ಕೆ ಸುಮಾರು 70 ಕಿಲೋಮೀಟರ್ ದೂರದಲ್ಲಿ, ಮೆಕ್ಕೆಜೋಳ ಮತ್ತು ಸೋಯಾ ಬೆಳೆಯುವ ಬಯಲಿನ ನಡುವೆ ಇರುವ ಈ ಊರಿನ ಜನಸಂಖ್ಯೆ ಸುಮಾರು 50,000. 1874ರ ಕೆಂಪು ಇಟ್ಟಿಗೆಯ ನ್ಯಾಯಾಲಯ, ಅದರ ಮುಂದಿನ ಅಂಗಡಿ ಬೀದಿ, ಪಕ್ಕದಲ್ಲೊಂದು ನದಿ, ಊರಿಗೆ ಅನ್ನ ಕೊಡುವ ಒಂದು ಕಾರ್ಖಾನೆ, ಅಂದರೆ 1919ರಲ್ಲಿ ಆರಂಭವಾದ ಕಮಿನ್ಸ್ ಡೀಸೆಲ್ ಎಂಜಿನ್ ಕಂಪನಿ: ಇಷ್ಟನ್ನೇ ನೋಡಿದರೆ ಮಧ್ಯಪಶ್ಚಿಮದ ಇತರ ನೂರಾರು ಜಿಲ್ಲಾ ಕೇಂದ್ರಗಳಿಗಿಂತ ಇದು ಬೇರೆಯೆಂದು ಹೇಳಲು ಕಾರಣವಿಲ್ಲ. ಆದರೆ ಇಪ್ಪತ್ತನೆಯ ಶತಮಾನದ ಹೆಸರಾಂತ ವಾಸ್ತುಶಿಲ್ಪಿಗಳೂ ಕಲಾವಿದರೂ ರೂಪಿಸಿದ 70ಕ್ಕೂ ಹೆಚ್ಚು ಕಟ್ಟಡಗಳು ಮತ್ತು ಕಲಾಕೃತಿಗಳು ಇಲ್ಲಿವೆ. 1991ರಲ್ಲಿ ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆಯು ವಾಸ್ತು ವಿನ್ಯಾಸದ ದೃಷ್ಟಿಯಿಂದ ದೇಶದ ನಗರಗಳಿಗೆ ಶ್ರೇಯಾಂಕ ಕೊಟ್ಟಾಗ ನ್ಯೂಯಾರ್ಕ್, ಷಿಕಾಗೊ, ಬಾಸ್ಟನ್‌ಗಳಂಥ ಮಹಾನಗರಗಳ ಬೆನ್ನಿಗೇ ಆರನೆಯ ಸ್ಥಾನ ಕೊಲಂಬಸ್ಸಿಗೆ ಸಿಕ್ಕಿತು. ಆ ಊರಿನಲ್ಲಿ ನೋಡಬೇಕಾದುವು ಯಾವುವೆಂದು ಕೇಳಿದ ಯಾರಿಗೇ ಆದರೂ ಸಿಗುವ ಉತ್ತರದಲ್ಲಿ ಮೊದಲು ಬರುವ ಹೆಸರುಗಳು ಚರ್ಚುಗಳವು. ಅವುಗಳಲ್ಲಿ ಅತಿ ಪ್ರಸಿದ್ಧವಾದ ಎರಡನ್ನು ಕಟ್ಟಿಸಿದವರು ಕಟ್ಟಡಕ್ಕೆ ಪಾವಿತ್ರ್ಯವೇ ಇಲ್ಲವೆಂದು ನಂಬಿದ ಪಂಥದವರು ಎಂಬುದು ಇಲ್ಲಿನ ವಿಚಾರಕ್ಕೆ ತಳಹದಿಯಾದ ಸಂಗತಿ.

ಆ ಪಂಥದ ಹೆಸರು ಡಿಸೈಪಲ್ಸ್ ಆಫ್ ಕ್ರೈಸ್ಟ್, ಎಂದರೆ ಕ್ರಿಸ್ತನ ಶಿಷ್ಯರು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಅಮೆರಿಕದ ಗಡಿನಾಡುಗಳಲ್ಲಿ ಬಾರ್ಟನ್ ಸ್ಟೋನ್ ಮತ್ತು ಅಲೆಕ್ಸಾಂಡರ್ ಕ್ಯಾಂಪ್‌ಬೆಲ್ ಎಂಬ ಇಬ್ಬರು ಬೋಧಕರ ಸುತ್ತ ಬೇರೆಬೇರೆಯಾಗಿ ಬೆಳೆದ ಎರಡು ಚಳವಳಿಗಳು 1832ರಲ್ಲಿ ಕೂಡಿಕೊಂಡು ಈ ಪಂಥಕ್ಕೆ ನೆಲೆಯಾದುವು. ಕ್ರೈಸ್ತರನ್ನು ಒಡೆದ ಮತಸೂತ್ರಗಳನ್ನು, ಎಂದರೆ ಸಭೆಯ ಸದಸ್ಯರು ಕಡ್ಡಾಯವಾಗಿ ಒಪ್ಪಬೇಕಾದ ಲಿಖಿತ ವಿಶ್ವಾಸ ಪ್ರಮಾಣಗಳನ್ನು, ಕೈಬಿಟ್ಟು ಹೊಸ ಒಡಂಬಡಿಕೆಯ ಆದಿಮ ಸರಳತೆಗೆ ಹಿಂದಿರುಗಬೇಕೆಂಬುದು ಅವರ ಹಂಬಲವಾಗಿತ್ತು. ಎಳೆಯ ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸದೆ, ತಿಳಿವಳಿಕೆ ಬಂದ ವಯಸ್ಸಿನಲ್ಲಿ ತಾನಾಗಿ ಮುಂದೆ ಬಂದವರನ್ನು ನೀರಿನಲ್ಲಿ ಪೂರ್ತಿ ಮುಳುಗಿಸಿ ಎಬ್ಬಿಸುವುದು ಅವರ ಪದ್ಧತಿ. ಯೇಸು ತನ್ನ ಶಿಷ್ಯರೊಂದಿಗೆ ಮಾಡಿದ ಕೊನೆಯ ಊಟದ ನೆನಪಿನಲ್ಲಿ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವ ಪ್ರಭು ಭೋಜನ ಅವರಲ್ಲಿ ಪ್ರತಿ ಭಾನುವಾರ ನಡೆಯುತ್ತದೆ, ಮತ್ತು ಅದರ ಮೇಜಿನ ಬಳಿ ನಿಂತು ಪ್ರಾರ್ಥಿಸುವವರು ಸಾಮಾನ್ಯವಾಗಿ ಪಾದ್ರಿಗಳಲ್ಲ, ಸಭೆಯಿಂದ ಆಯ್ಕೆಯಾದ ಹಿರಿಯರು. ಇಂಥ ಪಂಥದಲ್ಲಿ ಚರ್ಚ್ ಎಂದರೆ ಕೂಡಿದ ಜನ. ದೇವರು ಕಲ್ಲಿನಲ್ಲಿ ನೆಲೆಸುವುದಿಲ್ಲ, ಬಲಿಪೀಠವೆಂಬುದಿಲ್ಲ, ಗರ್ಭಗುಡಿಯಂಥ ಜಾಗವಿಲ್ಲ. ಮಳೆಬಿಸಿಲಿಗೆ ಮರೆಯಾಗುವಷ್ಟು ಸೂರಿದ್ದರೆ ಸಿದ್ಧಾಂತದ ಮಟ್ಟಿಗೆ ಸಾಕು. ಹಾಗಿದ್ದೂ ಈ ಜನ ಆಗಿನ ಕಾಲದ ಅತಿ ಸಮರ್ಥ ವಾಸ್ತುಶಿಲ್ಪಿಯ ಮನೆಬಾಗಿಲಿಗೆ ಹೋಗಿ ಕಟ್ಟಡವೊಂದನ್ನು ಬೇಡಿದ್ದು ಏಕೆ?

1930ರ ದಶಕದ ಕೊನೆಯಲ್ಲಿ ಕೊಲಂಬಸ್ಸಿನ ಡಿಸೈಪಲ್ಸ್ ಸಭೆಗೆ ಹೊಸ ಕಟ್ಟಡ ಬೇಕಾದಾಗ, ಪಂಥದ ಪ್ರಖ್ಯಾತ ಬೋಧಕರೊಬ್ಬರ ಮಗಳೂ ಊರಿನ ಬ್ಯಾಂಕು ಮತ್ತು ಎಂಜಿನ್ ಕಾರ್ಖಾನೆಗೆ ಬಂಡವಾಳ ಹಾಕಿದ ಮನೆತನದವರೂ ಆದ ನೆಟ್ಟಿ ಸ್ವೀನಿ ಮಿಲ್ಲರ್, ಫಿನ್ಲೆಂಡಿನಿಂದ ಬಂದು ಮಿಷಿಗನ್ ರಾಜ್ಯದ ಕ್ರ್ಯಾನ್‌ಬ್ರೂಕ್ ಕಲಾ ಅಕಾಡೆಮಿಯಲ್ಲಿ ನೆಲೆಸಿದ್ದ ಎಲಿಯೆಲ್ ಸಾರಿನೆನ್ ಅವರನ್ನು ಕೇಳಿಕೊಳ್ಳಲು ಮುಂದಾದರು. ಸಾರಿನೆನ್ ಮೊದಲು ಒಪ್ಪಲಿಲ್ಲ. ಅಮೆರಿಕದ ಚರ್ಚುಗಳಲ್ಲಿ ಧರ್ಮಕ್ಕಿಂತ ನಾಟಕೀಯತೆ ಹೆಚ್ಚಾಗಿದೆಯೆಂಬುದು ಅವರ ಆಕ್ಷೇಪವಾಗಿತ್ತು. ಈ ಸಭೆಯವರ ಸರಳ ಆರಾಧನಾ ಕ್ರಮವನ್ನು ಅರಿತ ಮೇಲೆ ಅವರು ಮನಸ್ಸು ಬದಲಿಸಿದರು. ಕಟ್ಟಿಸುವವರು ಸಾರಿನೆನ್‌ರ ಮುಂದಿಟ್ಟ ಆಶಯವೂ ನೆನಪಿನಲ್ಲಿಡತಕ್ಕದ್ದು: ಕಟ್ಟಡವನ್ನು ಕಂಡವರಿಗೆ ಮೊದಲು ಅದರ ಖರ್ಚು ಹೊಳೆಯಬಾರದು, ಊರಿನ ಅತ್ಯಂತ ಬಡ ಹೆಂಗಸು ಕೂಡ ಸಂಕೋಚವಿಲ್ಲದೆ ಬಂದು ಕುಳಿತು ಪ್ರಾರ್ಥಿಸುವಂತಿರಬೇಕು ಎಂಬುದು ಅವರ ಕೋರಿಕೆಯ ಸಾರ. ಶ್ರೀಮಂತ ಮನೆತನವೊಂದು ತನ್ನ ಹಣದಿಂದ ದೇವರ ಮನೆ ಕಟ್ಟಿಸುವಾಗ ಆ ಹಣವೇ ಬಡವರನ್ನು ಬಾಗಿಲಲ್ಲಿ ತಡೆಯದಂತೆ ನೋಡಿಕೊಳ್ಳಬೇಕಾದ ಇಕ್ಕಟ್ಟು ಅವರಿಗೆ ತಿಳಿದಿತ್ತೆಂಬುದು ಈ ಒಂದು ಮಾತಿನಿಂದಲೇ ಸ್ಪಷ್ಟ.

1942ರಲ್ಲಿ ಪೂರ್ಣಗೊಂಡ ಆ ಕಟ್ಟಡವೇ ಇಂದು ಫಸ್ಟ್ ಕ್ರಿಶ್ಚಿಯನ್ ಚರ್ಚ್ ಎಂಬ ಹೆಸರಿನದು. ತಿಳಿ ಹಳದಿ ಇಟ್ಟಿಗೆ ಮತ್ತು ಇಂಡಿಯಾನಾದ ಸುಣ್ಣಕಲ್ಲಿನ ಸರಳ ಆಯತಾಕಾರದ ಈ ರಚನೆಯಲ್ಲಿ ಕಮಾನುಗಳಿಲ್ಲ, ಚೂಪು ಶಿಖರಗಳಿಲ್ಲ, ಸಂತರ ಚಿತ್ರಗಳಿರುವ ಬಣ್ಣದ ಗಾಜುಗಳಿಲ್ಲ. ಪಕ್ಕದಲ್ಲಿ ಪ್ರತ್ಯೇಕವಾಗಿ ನಿಂತ 166 ಅಡಿ ಎತ್ತರದ ಚೌಕ ಗೋಪುರಕ್ಕೂ ಮೇಲ್ತುದಿಯ ಜಾಲಂಧ್ರವನ್ನು ಬಿಟ್ಟರೆ ಅಲಂಕಾರವಿಲ್ಲ. ಒಳಗೆ ಹೋದರೆ ಉದ್ದನೆಯ ಎತ್ತರದ ಸಭಾಂಗಣ, ಅದರ ಕೊನೆಯಲ್ಲಿ ಬರಿಯ ಇಟ್ಟಿಗೆಯ ಗೋಡೆ, ಗೋಡೆಯ ಮೇಲೆ ಒಂದು ತೆಳುವಾದ ಮರದ ಶಿಲುಬೆ. ಆ ಶಿಲುಬೆ ಗೋಡೆಯ ಮಧ್ಯದಲ್ಲಿಲ್ಲ, ಒಂದು ಬದಿಗೆ ಸರಿದಿದೆ. ಅದರ ಮೇಲೆ ಬೀಳುವ ಬೆಳಕು ಗೋಡೆಯ ಪಕ್ಕದಲ್ಲಿ ನೆಲದಿಂದ ಮಾಡಿನವರೆಗೆ ಚಾಚಿರುವ ಕಿಟಕಿಯಿಂದ ಬರುತ್ತದೆಯಾದರೂ, ಬೆಂಚುಗಳಲ್ಲಿ ಕುಳಿತವರಿಗೆ ಆ ಕಿಟಕಿ ಮರೆಯಾಗಿದ್ದು ಬೆಳಕು ಮಾತ್ರ ಕಾಣುತ್ತದೆ. ದೀಕ್ಷಾಸ್ನಾನದ ಕೊಳ ಮರದ ತೆರೆಯೊಂದರ ಹಿಂದೆ ಇದೆ. ಆ ವಿಧಿ ನಡೆಯುವಾಗ ಮಾತ್ರ ಅದು ಸಭೆಗೆ ಗೋಚರಿಸುತ್ತದೆ. ಎಲಿಯೆಲ್ ಮತ್ತು ಅವರ ಪತ್ನಿ ಲೋಯಾ ಸಾರಿನೆನ್ ವಿನ್ಯಾಸಗೊಳಿಸಿದ, ಯೇಸುವಿನ ಪರ್ವತ ಪ್ರಸಂಗವನ್ನು ಚಿತ್ರಿಸುವ ದೊಡ್ಡ ನೇಯ್ಗೆಯ ಚಿತ್ರ ಇಡೀ ಸಭಾಂಗಣದಲ್ಲಿರುವ ಏಕೈಕ ಸಮೃದ್ಧ ಬಣ್ಣ.

ಶಿಲುಬೆ ಮಧ್ಯದಿಂದ ಸರಿದಿರುವುದನ್ನು ಆಧುನಿಕ ವಾಸ್ತುಶಿಲ್ಪದ ಅಸಮತೋಲ ರುಚಿಯೆಂದು ವಿವರಿಸಿ ಮುಂದೆ ಹೋಗುವವರುಂಟು. ಅದು ಸಾಲದು. ಸಮರೂಪದ ದೇಗುಲದಲ್ಲಿ ಕಣ್ಣು ಒಳಹೊಕ್ಕ ಕ್ಷಣದಲ್ಲೇ ಕೇಂದ್ರವನ್ನು ತಲುಪಿ ತೃಪ್ತಿಯಾಗುತ್ತದೆ. ಇಲ್ಲಿ ಕಣ್ಣಿಗೆ ಅಂಥ ನಿಲುಗಡೆ ಸಿಗುವುದಿಲ್ಲ, ಶಿಲುಬೆಯಿಂದ ಖಾಲಿ ಇಟ್ಟಿಗೆಗೆ, ಇಟ್ಟಿಗೆಯಿಂದ ಬೆಳಕಿಗೆ, ಬೆಳಕಿನಿಂದ ಅದರ ಕಾಣದ ಮೂಲಕ್ಕೆ ಚಲಿಸುತ್ತಲೇ ಇರುತ್ತದೆ. ಬೆಂಚಿನಲ್ಲಿ ಒಂದು ತಾಸು ಕುಳಿತವರ ಮಟ್ಟಿಗೆ ಗೋಡೆಯ ಬೆಳಕು ಸೂರ್ಯನೊಂದಿಗೆ ಬದಲಾಗುತ್ತದೆ, ಮತ್ತು ಪ್ರಸಂಗದ ಆರಂಭದಲ್ಲಿ ಕಂಡ ಗೋಡೆ ಪ್ರಭು ಭೋಜನದ ಹೊತ್ತಿಗೆ ಅದೇ ಗೋಡೆಯಾಗಿರುವುದಿಲ್ಲ. ಅಂದರೆ ಈ ಕಟ್ಟಡದ ರಚನೆಯಲ್ಲಿ ಕಾಲವೂ ಒಂದು ಸಾಮಗ್ರಿ. ಆರಾಧನೆಯ ಅವಧಿಯಷ್ಟು ಹೊತ್ತು ಅಲ್ಲಾಡದೆ ಕುಳಿತ ದೇಹವನ್ನು ಲೆಕ್ಕಕ್ಕಿಟ್ಟುಕೊಂಡು ಅದನ್ನು ಕಟ್ಟಲಾಗಿದೆ. ಐದು ನಿಮಿಷ ನಿಂತು ಚಿತ್ರ ತೆಗೆದುಕೊಂಡು ಹೊರಟವರು ಕಟ್ಟಡವನ್ನು ಅವಸರವಾಗಿ ನೋಡಿದರೆಂದು ಹೇಳುವುದಕ್ಕಿಂತ, ಕಟ್ಟಡವೆಂದು ಕರೆಯಬೇಕಾದದ್ದು ಅವರ ಎದುರಿಗೆ ಬರಲೇ ಇಲ್ಲವೆಂದು ಹೇಳುವುದು ಹೆಚ್ಚು ಸರಿ.

ಇಲ್ಲಿ ಜರ್ಮನ್ ಚಿಂತಕ ವಾಲ್ಟರ್ ಬೆಂಜಮಿನ್ 1930ರ ದಶಕದಲ್ಲಿ ಮಾಡಿದ ಒಂದು ವಿಂಗಡಣೆ ಉಪಯುಕ್ತ. ಕಲಾಕೃತಿಗಳಿಗೆ ಆರಾಧನಾ ಮೌಲ್ಯ ಮತ್ತು ಪ್ರದರ್ಶನ ಮೌಲ್ಯ ಎಂಬ ಎರಡು ಧ್ರುವಗಳಿವೆಯೆಂದು ಅವರು ಹೇಳಿದರು: ಮೊದಲನೆಯದರಲ್ಲಿ ವಸ್ತು ಇದೆ ಎಂಬುದೇ ಮುಖ್ಯ, ಅದನ್ನು ಯಾರು ನೋಡುತ್ತಾರೆಂಬುದಲ್ಲ, ಎರಡನೆಯದರಲ್ಲಿ ನೋಡಲ್ಪಡುವುದೇ ಅದರ ಇರವಿನ ಅರ್ಥ. ಯಂತ್ರಗಳಿಂದ ಪ್ರತಿಗಳನ್ನು ಮಾಡಬಲ್ಲ ಯುಗದಲ್ಲಿ ಪ್ರದರ್ಶನ ಮೌಲ್ಯವು ಆರಾಧನಾ ಮೌಲ್ಯವನ್ನು ಹಿಮ್ಮೆಟ್ಟಿಸುತ್ತ ಹೋಗುತ್ತದೆಯೆಂಬುದು ಅವರ ವಾದ. ಕೊಲಂಬಸ್ಸಿನ ಚರ್ಚುಗಳ ವಿಷಯದಲ್ಲಿ ಈ ವಾದ ಅರ್ಧ ಮಾತ್ರ ನಿಜವಾಗುತ್ತದೆ. ಅವು ಛಾಯಾಚಿತ್ರಗಳಲ್ಲಿ ಲೋಕವನ್ನೆಲ್ಲ ಸುತ್ತಿವೆ, 2017ರಲ್ಲಿ ನಿರ್ದೇಶಕ ಕೊಗೊನಾಡ ಈ ನಗರದ ಹೆಸರಿನಲ್ಲೇ ಮಾಡಿದ ಚಲನಚಿತ್ರ ಅವುಗಳನ್ನು ಇನ್ನಷ್ಟು ಜನರ ಕಣ್ಣಿಗೆ ತಂದಿದೆ. ಆದರೂ ಮರೆಯಾದ ಕಿಟಕಿ, ತೆರೆಯ ಹಿಂದಿನ ಕೊಳ ಮುಂತಾದುವು ನೋಡುವವನಿಗೆ ಎಲ್ಲವನ್ನೂ ಒಮ್ಮೆಲೇ ಒಪ್ಪಿಸದೆ ಹಿಡಿದಿಟ್ಟುಕೊಳ್ಳುತ್ತವೆ. ಬೆಂಜಮಿನ್ ಭಾವಿಸಿದಂತೆ ಆ ಎರಡು ಮೌಲ್ಯಗಳು ಒಂದರ ಜಾಗವನ್ನು ಇನ್ನೊಂದು ಕಸಿದುಕೊಳ್ಳುವ ಶಕ್ತಿಗಳೇ ಆಗಬೇಕಿಲ್ಲ. ಒಂದೇ ಭಾನುವಾರ, ಒಂದೇ ಬೆಂಚಿನಲ್ಲಿ, ಪ್ರಾರ್ಥಿಸಲು ಬಂದವನೂ ನೋಡಲು ಬಂದವನೂ ಅಕ್ಕಪಕ್ಕ ಕುಳಿತು ಅದೇ ಗೋಡೆಯ ಮೇಲಿನ ಅದೇ ಬೆಳಕಿಗೆ ಒಳಗಾಗಬಹುದು.

ಹಾಗಾದರೆ ಅವರಿಬ್ಬರ ನಡುವಣ ಭೇದವೇನು? ನಂಬಿಕೆಯೆಂಬುದು ಸುಲಭದ ಉತ್ತರ, ಆದರೆ ನಂಬಿಕೆಯುಳ್ಳವನು ಯಾಂತ್ರಿಕವಾಗಿ ಕುಳಿತು ಹೋಗುವುದೂ ನಂಬದವನು ಗಾಢವಾಗಿ ಕಲಕಿಹೋಗುವುದೂ ಎಲ್ಲ ಧರ್ಮಗಳ ಗುಡಿಗಳಲ್ಲಿ ದಿನವೂ ನಡೆಯುವ ಸಂಗತಿ. ಫ್ರೆಂಚ್ ದಾರ್ಶನಿಕೆ ಸಿಮೋನ್ ವೇಯ್ ಅವರು ಯಾವ ಬೆರಕೆಯೂ ಇಲ್ಲದ ಅವಧಾನವೇ ಪ್ರಾರ್ಥನೆಯೆಂದು ತಿಳಿದಿದ್ದರು. ಅವರ ದೃಷ್ಟಿಯಿಂದ ನೋಡಿದರೆ ಗೋಡೆಯ ಬೆಳಕನ್ನು ಸ್ವಾರ್ಥವಿಲ್ಲದೆ ಗಮನಿಸುತ್ತ ಕುಳಿತ ಪ್ರವಾಸಿಗ ತನಗೆ ಗೊತ್ತಿಲ್ಲದೆಯೇ ಪ್ರಾರ್ಥಿಸುತ್ತಿರುತ್ತಾನೆ. ಇದು ಉದಾರವಾದ ಮಾತು, ಮತ್ತು ಬಹುಮಟ್ಟಿಗೆ ಒಪ್ಪತಕ್ಕ ಮಾತು. ಆದರೂ ಒಂದು ಅಂತರ ಉಳಿಯುತ್ತದೆ. ಆರಾಧಕನಿಗೆ ಆ ಜಾಗದೊಂದಿಗೆ ಹೊಣೆಯ ಸಂಬಂಧವಿದೆ: ಮುಂದಿನ ಭಾನುವಾರ ಅವನು ಮತ್ತೆ ಬರಬೇಕು, ಮಾಡು ಸೋರಿದರೆ ಕೈಯಿಂದ ಹಣ ಕೊಡಬೇಕು, ಪಕ್ಕದ ಬೆಂಚಿನ ಮುದುಕಿ ಕಾಯಿಲೆ ಬಿದ್ದರೆ ಮನೆಗೆ ಹೋಗಿ ವಿಚಾರಿಸಬೇಕು, ಸತ್ತವರನ್ನು ಇಲ್ಲಿಂದಲೇ ಕಳುಹಿಸಿಕೊಡಬೇಕು. ವೀಕ್ಷಕನ ಅವಧಾನ ಎಷ್ಟೇ ಶುದ್ಧವಾಗಿದ್ದರೂ ಅದು ಬಾಗಿಲು ದಾಟಿದ ಕೂಡಲೇ ಮುಗಿಯಬಹುದು. ಇಬ್ಬರನ್ನೂ ಬೇರ್ಪಡಿಸುವುದು ಒಳಗೆ ಕುಳಿತಾಗಿನ ಮನಸ್ಥಿತಿಯಲ್ಲ, ಹೊರಗೆ ಹೋದ ಮೇಲಿನ ಬಾಧ್ಯತೆ.

ಬಾಧ್ಯತೆಯ ಈ ಮಾತು ನೆಟ್ಟಿಯವರ ಮಗ ಜೆ. ಇರ್ವಿನ್ ಮಿಲ್ಲರ್ ಅವರ ಬದುಕಿಗೆ ಕರೆದೊಯ್ಯುತ್ತದೆ. 1909ರಲ್ಲಿ ಹುಟ್ಟಿ 2004ರಲ್ಲಿ ತೀರಿಕೊಂಡ ಮಿಲ್ಲರ್, ಯೇಲ್ ಮತ್ತು ಆಕ್ಸ್‌ಫರ್ಡ್‌ಗಳಲ್ಲಿ ಓದಿ, ಹೊಸ ಒಡಂಬಡಿಕೆಯನ್ನು ಮೂಲ ಗ್ರೀಕ್‌ನಲ್ಲಿ ಓದುತ್ತಿದ್ದ, ಪಿಟೀಲು ನುಡಿಸುತ್ತಿದ್ದ, ಕಮಿನ್ಸ್ ಕಂಪನಿಯನ್ನು ದಶಕಗಳ ಕಾಲ ನಡೆಸಿದ ಉದ್ಯಮಿ. ಅಮೆರಿಕದ ಹಲವು ಪ್ರಾಟೆಸ್ಟೆಂಟ್ ಮತ್ತು ಆರ್ಥಡಾಕ್ಸ್ ಪಂಥಗಳ ಒಕ್ಕೂಟವಾದ ರಾಷ್ಟ್ರೀಯ ಚರ್ಚುಗಳ ಮಂಡಳಿಗೆ 1960ರಲ್ಲಿ ಅಧ್ಯಕ್ಷರಾದಾಗ, ಪಾದ್ರಿಯಲ್ಲದ ಸಾಮಾನ್ಯ ಸದಸ್ಯನೊಬ್ಬನಿಗೆ ಆ ಸ್ಥಾನ ಸಿಕ್ಕಿದ್ದು ಅದೇ ಮೊದಲು. ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟಕ್ಕೆ, 1963ರ ವಾಷಿಂಗ್ಟನ್ ಮೆರವಣಿಗೆಗೆ ಮಂಡಳಿ ಬೆಂಬಲವಾಗಿ ನಿಂತದ್ದು ಅವರ ಅಧ್ಯಕ್ಷತೆಯ ಕಾಲದಲ್ಲಿ. 1950ರ ದಶಕದ ನಡುವೆ ಊರಿನಲ್ಲಿ ಮಕ್ಕಳ ಸಂಖ್ಯೆ ಏರಿ ಹೊಸ ಶಾಲೆಗಳು ಬೇಕಾದಾಗ ಕಮಿನ್ಸ್ ಪ್ರತಿಷ್ಠಾನದ ಮೂಲಕ ಅವರು ಒಂದು ಏರ್ಪಾಡನ್ನು ಮುಂದಿಟ್ಟರು: ಹೊರಗಿನ ತಜ್ಞರು ಸೂಚಿಸಿದ ಪಟ್ಟಿಯಿಂದ ಶಾಲಾ ಮಂಡಳಿ ತನಗೆ ಬೇಕಾದ ವಾಸ್ತುಶಿಲ್ಪಿಯನ್ನು ಆರಿಸಿಕೊಂಡರೆ ಅವರ ಶುಲ್ಕವನ್ನು ಪ್ರತಿಷ್ಠಾನ ಭರಿಸುತ್ತದೆ, ಕಟ್ಟುವ ಖರ್ಚು ಮಾತ್ರ ಊರಿನದು. 1957ರಲ್ಲಿ ಹ್ಯಾರಿ ವೀಸ್ ವಿನ್ಯಾಸದ ಪ್ರಾಥಮಿಕ ಶಾಲೆಯಿಂದ ಮೊದಲಾಗಿ ಈ ಏರ್ಪಾಡು ಕ್ರಮೇಣ ಇತರ ಸಾರ್ವಜನಿಕ ಕಟ್ಟಡಗಳಿಗೂ ಹಬ್ಬಿತು.

ಈ ಏರ್ಪಾಡಿನ ಹಿಂದೆ ಒಂದು ಧರ್ಮಶಾಸ್ತ್ರವಿದೆಯೆಂಬುದನ್ನು ವಾಸ್ತುಶಿಲ್ಪದ ಇತಿಹಾಸಕಾರರು ಹೆಚ್ಚಾಗಿ ಬದಿಗಿಡುತ್ತಾರೆ. ಪಾದ್ರಿಗೂ ಸಾಮಾನ್ಯನಿಗೂ ದೇವರ ಮುಂದೆ ವ್ಯತ್ಯಾಸವಿಲ್ಲ, ಪ್ರತಿಯೊಬ್ಬ ವಿಶ್ವಾಸಿಯೂ ಪುರೋಹಿತನೇ ಎಂಬ ಪ್ರಾಟೆಸ್ಟೆಂಟ್ ತತ್ವವನ್ನು ಅದರ ಕೊನೆಯವರೆಗೆ ಒಯ್ದರೆ, ಭಾನುವಾರದ ಕೆಲಸಕ್ಕೂ ಮಂಗಳವಾರದ ಕೆಲಸಕ್ಕೂ ನಡುವಿನ ಗೋಡೆ ಕುಸಿಯುತ್ತದೆ. ಆಗ ಚರ್ಚಿಗೆ ಸಲ್ಲುವ ಶ್ರದ್ಧೆ ಶಾಲೆಗೂ ಅಗ್ನಿಶಾಮಕ ಠಾಣೆಗೂ ಸಲ್ಲಬೇಕು. ರಾಬರ್ಟ್ ವೆಂಚುರಿ 1960ರ ದಶಕದಲ್ಲಿ ರೂಪಿಸಿದ, ಗೋಪುರದ ಮೇಲೆ ದೊಡ್ಡದಾಗಿ 4 ಎಂಬ ಅಂಕಿಯಿರುವ ನಾಲ್ಕನೆಯ ಅಗ್ನಿಶಾಮಕ ಠಾಣೆಯನ್ನು ನೋಡಲು ಬಂದವರು ಅದನ್ನೊಂದು ಶೈಲಿಯ ಉದಾಹರಣೆಯಾಗಿ ನೋಡುತ್ತಾರೆ. ಕೊಲಂಬಸ್ಸಿನ ಒಳಗಿನಿಂದ ನೋಡಿದರೆ ಅದು ಸಭೆಯ ಹಿರಿಯರು ಪ್ರಭು ಭೋಜನದ ಮೇಜಿಗೆ ಕೊಡುವ ಎಚ್ಚರದ ಮುಂದುವರಿಕೆ. ಕಳಪೆ ಕೆಲಸವೇ ಕೊನೆಗೆ ದುಬಾರಿಯಾಗುತ್ತದೆಂದು ಮಿಲ್ಲರ್ ಮತ್ತೆ ಮತ್ತೆ ಹೇಳುತ್ತಿದ್ದರು, ಮತ್ತು ಅದನ್ನು ಕೇವಲ ವ್ಯಾಪಾರಿಯ ಲೆಕ್ಕಾಚಾರವೆಂದು ಓದಿದರೆ ಅವರಿಗೆ ಅನ್ಯಾಯ ಮಾಡಿದಂತಾಗುತ್ತದೆ.

ಇದಕ್ಕೆ ಎದುರಾಗಿ ಹೇಳಬೇಕಾದದ್ದೂ ಇದೆ. ಒಂದು ಕಂಪನಿಯ, ಒಂದು ಮನೆತನದ ಅಭಿರುಚಿ ಇಡೀ ಊರಿನ ಮುಖವನ್ನು ಬರೆಯಿತು. ಕಟ್ಟಡ ಚೆನ್ನಾಗಿದೆಯೆಂಬ ಕಾರಣಕ್ಕೆ ಆ ಅಧಿಕಾರದ ಪ್ರಶ್ನೆ ಇಲ್ಲವಾಗುವುದಿಲ್ಲ. ಆಯ್ಕೆಯನ್ನು ಶಾಲಾ ಮಂಡಳಿಯ ಕೈಯಲ್ಲಿಟ್ಟದ್ದರಿಂದ, ಕಟ್ಟುವ ಖರ್ಚನ್ನು ಊರೇ ಹೊತ್ತದ್ದರಿಂದ ದಾನದ ಭಾರ ಕಡಿಮೆಯಾಯಿತೆಂದು ಒಪ್ಪಿದರೂ, ದಾನಿಯ ಕೈ ಕಾಣದಂತಿರಬೇಕೆಂಬ ಸುವಾರ್ತೆಯ ಕಟ್ಟಳೆ ಒಂದು ಸಣ್ಣ ಊರಿನಲ್ಲಿ ಪಾಲನೆಯಾಗುವುದು ಕಷ್ಟ.

ಊರಿನ ಉಳಿದ ನೋಟಗಳು ಅನೇಕ. ಫಸ್ಟ್ ಕ್ರಿಶ್ಚಿಯನ್ ಚರ್ಚಿನ ಎದುರಿಗೇ ಐ. ಎಂ. ಪೇ ವಿನ್ಯಾಸದ 1969ರ ಗ್ರಂಥಾಲಯವಿದೆ, ಅವೆರಡರ ನಡುವಿನ ಅಂಗಳದಲ್ಲಿ ಹೆನ್ರಿ ಮೂರ್ ಅವರ ಕಂಚಿನ ಬೃಹತ್ ಕಮಾನು ನಿಂತಿದೆ. ಎಲಿಯೆಲ್ ಅವರ ಮಗ ಈರೊ ಸಾರಿನೆನ್ ರೂಪಿಸಿದ ಗಾಜಿನ ಗೋಡೆಗಳ ಬ್ಯಾಂಕು ಮತ್ತು ಮಿಲ್ಲರ್ ಕುಟುಂಬದ ಮನೆ, ಹ್ಯಾರಿ ವೀಸ್ ಅವರ ಕಡಿದಾದ ಮಾಡಿನ ಫಸ್ಟ್ ಬ್ಯಾಪ್ಟಿಸ್ಟ್ ಚರ್ಚ್, ಗುನ್ನಾರ್ ಬಿರ್ಕೆರ್ಟ್ಸ್ ಅವರ ತಾಮ್ರದ ಶಿಖರದ ಲುಥೆರನ್ ಚರ್ಚ್, 1900ರಿಂದ ನಡೆದುಬಂದ ಜಹರಾಕೋಸ್ ಐಸ್‌ಕ್ರೀಂ ಅಂಗಡಿ ಇವೆಲ್ಲವೂ ಒಂದೆರಡು ದಿನಗಳಲ್ಲಿ ನೋಡಿ ಮುಗಿಸಬಹುದಾದುವು. ನ್ಯಾಯಾಲಯದ ಅಂಗಳದಲ್ಲಿರುವ ಯುದ್ಧ ಸ್ಮಾರಕದ ಬಳಿ ಮಾತ್ರ ಸ್ವಲ್ಪ ನಿಲ್ಲಬೇಕು. ಅಲ್ಲಿ ಒತ್ತಾಗಿ ನಿಂತ 25 ಎತ್ತರದ ಸುಣ್ಣಕಲ್ಲಿನ ಕಂಬಗಳ ಮೇಲೆ, ಯುದ್ಧಗಳಲ್ಲಿ ಮಡಿದ ಈ ಜಿಲ್ಲೆಯ ಸೈನಿಕರ ಹೆಸರುಗಳ ಜೊತೆಗೆ ಯೋಧರು ಮನೆಗೆ ಬರೆದ ಕಾಗದಗಳ ಮಾತುಗಳನ್ನೂ ಕೆತ್ತಲಾಗಿದೆ. ಓದಬೇಕಾದರೆ ಕಂಬಗಳ ನಡುವಿನ ಇಕ್ಕಟ್ಟಿನಲ್ಲಿ ಒಳಹೊಕ್ಕು ಒಂದೊಂದನ್ನೇ ಸುತ್ತಬೇಕು. ಯಾವ ಧರ್ಮದ ಗುರುತೂ ಇಲ್ಲದ ಈ ಸ್ಥಳ ಹೊರಗಿನಿಂದ ಬಂದವನನ್ನೂ ಪ್ರದಕ್ಷಿಣೆಯ ನಡೆಗೆ ಒಳಪಡಿಸುತ್ತದೆ.

ಆದರೆ ಈ ಬರಹದ ಪ್ರಶ್ನೆ ತನ್ನ ಅತ್ಯಂತ ಕಠಿಣ ರೂಪದಲ್ಲಿ ಎದುರಾಗುವುದು ಊರಿನ ಉತ್ತರ ಭಾಗದ ನಾರ್ತ್ ಕ್ರಿಶ್ಚಿಯನ್ ಚರ್ಚಿನಲ್ಲಿ. 1955ರಲ್ಲಿ ಫಸ್ಟ್ ಕ್ರಿಶ್ಚಿಯನ್ ಸಭೆಯಿಂದ ಬೇರೆಯಾದ ಕೆಲವು ಕುಟುಂಬಗಳು, ಅವುಗಳಲ್ಲಿ ಮಿಲ್ಲರ್ ಕುಟುಂಬವೂ ಸೇರಿ, ಹೊಸ ಸಭೆಯನ್ನು ಕಟ್ಟಿಕೊಂಡು ಎಲಿಯೆಲ್‌ರ ಮಗ ಈರೊ ಸಾರಿನೆನ್ ಅವರನ್ನು ಕಟ್ಟಡಕ್ಕಾಗಿ ಕೇಳಿದುವು. ಆಧುನಿಕ ಚರ್ಚುಗಳಲ್ಲಿ ತರಗತಿ, ಅಡುಗೆಮನೆ, ಆಟದ ಕೋಣೆಗಳು ಬೆಳೆದು ಆರಾಧನೆಯ ಜಾಗ ಅವುಗಳ ನಡುವೆ ಕಳೆದುಹೋಗಿದೆಯೆಂದು ಈರೊ ಕೊರಗುತ್ತಿದ್ದರು. ಆದ್ದರಿಂದ ಉಳಿದುದೆಲ್ಲವನ್ನೂ ನೆಲದ ಮಟ್ಟದ ಕೆಳಗಿಟ್ಟು, ಮೆಟ್ಟಿಲು ಹತ್ತಿ ಸೇರಬೇಕಾದ ಆರಾಧನಾ ಮಂದಿರವೊಂದನ್ನೇ ಮೇಲೆ ಉಳಿಸಿದರು. ಆರು ಮೂಲೆಗಳ ತಳವಿನ್ಯಾಸ, ಇಳಿಜಾರಾಗಿ ಚಾಚಿದ ಮಾಡು, ಆ ಮಾಡೇ ಮೇಲೇರಿ ಸಣ್ಣದಾಗುತ್ತ 192 ಅಡಿ ಎತ್ತರದ ಸೂಜಿಯಂಥ ಶಿಖರವಾಗುವುದು, ತುದಿಯಲ್ಲೊಂದು ಚಿಕ್ಕ ಶಿಲುಬೆ. ಒಳಗೆ ಪ್ರಭು ಭೋಜನದ ಮೇಜು ಒಂದು ಕೊನೆಯಲ್ಲಿಲ್ಲ, ನಟ್ಟನಡುವೆ ಇದೆ. ಬೆಂಚುಗಳು ಹಂತಹಂತವಾಗಿ ಇಳಿಯುತ್ತ ಅದನ್ನು ಸುತ್ತುವರಿದಿವೆ. ಶಿಖರದ ಬುಡದಲ್ಲಿರುವ ಆಕ್ಯುಲಸ್, ಎಂದರೆ ಕಣ್ಣೆಂಬ ಅರ್ಥದ ಹೆಸರಿನ ಗವಾಕ್ಷ, ನೇರವಾಗಿ ಮೇಜಿನ ಮೇಲೆ ಬೆಳಕು ಚೆಲ್ಲುತ್ತದೆ. ತಾನು ಮುಂದೆ ಸ್ವರ್ಗದ ಬಾಗಿಲಲ್ಲಿ ಸಂತ ಪೀಟರನನ್ನು ಎದುರಿಸುವಾಗ, ತನ್ನ ಕಟ್ಟಡಗಳಲ್ಲಿ ಈ ಸಣ್ಣ ಚರ್ಚೂ ಅತ್ಯುತ್ತಮವಾದುವುಗಳಲ್ಲಿ ಒಂದೆಂದು ಹೇಳುವಂತಾಗಬೇಕೆಂಬ ಆಸೆಯನ್ನು ಈರೊ ಮಿಲ್ಲರ್‌ಗೆ ಬರೆದ ಪತ್ರದಲ್ಲಿ ತೋಡಿಕೊಂಡಿದ್ದರು. 1961ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. ಕಟ್ಟಡ 1964ರಲ್ಲಿ ಮುಗಿಯಿತು.

2000ದಲ್ಲಿ ಈ ಚರ್ಚು ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಎಂಬ ಮಾನ್ಯತೆ ಪಡೆಯಿತು. ಕಟ್ಟಡದ ಖ್ಯಾತಿ ಬೆಳೆದಂತೆ ಅದರೊಳಗಿನ ಸಭೆ ಕರಗುತ್ತ ಬಂತು. ಸದಸ್ಯರು ಮುದುಕರಾದರು, ಮಕ್ಕಳು ಬೇರೆ ಊರುಗಳಿಗೆ ಹೋದರು, ಅಮೆರಿಕದ ಹಳೆಯ ಪ್ರಾಟೆಸ್ಟೆಂಟ್ ಪಂಥಗಳೆಲ್ಲವನ್ನೂ ತಟ್ಟಿದ ಇಳಿಮುಖ ಇಲ್ಲಿಯೂ ತಟ್ಟಿತು, ಮತ್ತು ದೇಶದ ಹೆಮ್ಮೆಯಾದ ಮಾಡನ್ನು ಕಾಪಾಡುವ ಖರ್ಚು ಬೆರಳೆಣಿಕೆಯ ಜನರ ಹೆಗಲಿಗೆ ಬಿತ್ತು. 2022ರಲ್ಲಿ ಸಭೆ ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಕಟ್ಟಡದ ಹೊಣೆ ಜಿಲ್ಲೆಯ ಸಾರ್ವಜನಿಕ ಗ್ರಂಥಾಲಯದ ಕಡೆಗೆ ಬಂತು. ಸ್ಥಾವರಕ್ಕೆ ಅಳಿವುಂಟು, ಜಂಗಮಕ್ಕೆ ಇಲ್ಲ ಎಂಬ ಬಸವಣ್ಣನ ನಿಲುವಿನಲ್ಲಿ ಬೆಳೆದ ಕನ್ನಡ ಓದುಗರಿಗೆ ಈ ಘಟನೆ ತೀವ್ರವಾಗಿ ತಟ್ಟಬೇಕು, ಏಕೆಂದರೆ ಡಿಸೈಪಲ್ಸ್ ಪಂಥವೂ ಬಹುಮಟ್ಟಿಗೆ ಅದೇ ನಿಲುವಿನದು, ಮತ್ತು ಇಲ್ಲಿ ಲೋಕದ ಕಣ್ಣಿಗೆ ಕಂಡದ್ದು ತದ್ವಿರುದ್ಧ: ಕಟ್ಟಡ ಉಳಿಯಿತು, ಸಭೆ ಅಳಿಯಿತು.

ಇಂಥ ಸಂದರ್ಭಕ್ಕೆ ಆಗಮ ಪರಂಪರೆಯಲ್ಲಿ ಸಿದ್ಧವಾದ ಒಂದು ಭಾಷೆಯಿದೆ. ದೇವಾಲಯದ ಜೀರ್ಣೋದ್ಧಾರಕ್ಕೆ ಮೊದಲು ಮೂರ್ತಿಯಲ್ಲಿರುವ ಸಾನ್ನಿಧ್ಯವನ್ನು ಕಲಶಕ್ಕೆ ಬರಮಾಡಿಕೊಳ್ಳುವ ಕಲಾಕರ್ಷಣವೆಂಬ ವಿಧಿಯಿಂದ, ಯಾವ ಕ್ಷಣದವರೆಗೆ ಕಲ್ಲು ದೇವರು, ಯಾವ ಕ್ಷಣದಿಂದ ಬರಿಯ ಕಲ್ಲು ಎಂಬುದು ನಿರ್ಣಯವಾಗುತ್ತದೆ. ಹಂಪಿಯಲ್ಲಿ ವಿರೂಪಾಕ್ಷನ ಗುಡಿಗೆ ಹೋದವರು ಕೈಮುಗಿಯುತ್ತಾರೆ, ವಿಠ್ಠಲ ದೇವಾಲಯಕ್ಕೆ ಹೋದವರು ಟಿಕೆಟ್ ಕೊಂಡು ಶಿಲ್ಪ ನೋಡುತ್ತಾರೆ, ಮತ್ತು ಆ ವ್ಯತ್ಯಾಸವನ್ನು ಯಾರೂ ಅವರಿಗೆ ವಿವರಿಸಬೇಕಾಗಿಲ್ಲ. ಕಮಿನ್ಸ್ ಕಂಪನಿಯ ಕೆಲಸಕ್ಕಾಗಿ ಕೊಲಂಬಸ್ಸಿನಲ್ಲಿ ನೆಲೆಸಿರುವ ಭಾರತೀಯ ಕುಟುಂಬಗಳಿಗೆ ಈ ಭೇದ ಹುಟ್ಟಿನಿಂದ ಪರಿಚಿತ. ಆದರೆ ಸಾನ್ನಿಧ್ಯವನ್ನು ಪ್ರತಿಷ್ಠಾಪಿಸದ ಪಂಥದಲ್ಲಿ ಅದನ್ನು ಹಿಂತೆಗೆಯುವ ವಿಧಿಗೂ ಅರ್ಥವಿಲ್ಲ. ಸಿದ್ಧಾಂತದ ಪ್ರಕಾರ, ಕೊನೆಯ ಭಾನುವಾರ ಕೊನೆಯ ಸದಸ್ಯ ಹೊರಗೆ ಹೋದ ಮೇಲೆ ನಾರ್ತ್ ಕ್ರಿಶ್ಚಿಯನ್ ಕಟ್ಟಡ ಮೊದಲಿನಿಂದಲೂ ಏನಾಗಿತ್ತೋ ಅದೇ ಆಗಿ ಉಳಿಯಿತು, ಎಂದರೆ ಕಾಂಕ್ರೀಟು, ಉಕ್ಕು, ಮರ.

ಆ ಸಿದ್ಧಾಂತವನ್ನು ಗೌರವಿಸುತ್ತಲೇ ಅದು ಪೂರ್ಣವಲ್ಲವೆಂದು ಹೇಳಬೇಕಾಗುತ್ತದೆ. ಮೇಜನ್ನು ನಡುವಿಗೆ ತಂದು ಜನರನ್ನು ಅದರ ಸುತ್ತ ಕೂರಿಸಿದಾಗ ಈರೊ ಸಾರಿನೆನ್ ಒಂದು ಬೋಧನೆಯನ್ನೇ ರಚನೆಯಾಗಿಸಿದರು. ಅಲ್ಲಿ ಕುಳಿತವನ ಕಣ್ಣಿಗೆ ಮೇಜಿನ ಆಚೆಗೆ ಕಾಣುವುದು ಗೋಡೆಯಲ್ಲ, ವಿಗ್ರಹವಲ್ಲ, ಇತರರ ಮುಖಗಳು. ಐವತ್ತೆಂಟು ವರ್ಷಗಳ ಕಾಲ ಆ ಸಭೆ ಒಬ್ಬರನ್ನೊಬ್ಬರು ನೋಡುತ್ತ ರೊಟ್ಟಿ ಹಂಚಿಕೊಂಡಿತು. ಸಭೆ ಹೋದ ಮೇಲೂ ಬೆಂಚುಗಳ ಆ ದಿಕ್ಕು ಹಾಗೆಯೇ ಉಳಿದಿದೆ. ಕಟ್ಟಡಕ್ಕೆ ಪಾವಿತ್ರ್ಯವಿಲ್ಲವೆಂಬುದು ನಿಜವಿರಬಹುದು, ಆದರೆ ಜನರನ್ನು ಒಂದು ಬಗೆಯಲ್ಲಿ ಕೂರಿಸುವ, ಒಂದು ಬಗೆಯಲ್ಲಿ ಪರಸ್ಪರರಿಗೆ ಕಾಣಿಸುವ ಶಕ್ತಿ ಅದಕ್ಕಿದೆ, ಮತ್ತು ಆ ಶಕ್ತಿ ಬಂದವರ ನಂಬಿಕೆಯನ್ನು ವಿಚಾರಿಸುವುದಿಲ್ಲ. ನೋಡಲೆಂದು ಬಂದ ಅಪರಿಚಿತರಿಬ್ಬರು ಎದುರುಬದುರಿನ ಬೆಂಚುಗಳಲ್ಲಿ ಕುಳಿತರೂ ಸಾಕು, ಮೇಜಿನ ಆಚೆಯಿಂದ ಒಬ್ಬರಿಗೊಬ್ಬರು ಕಾಣುತ್ತಾರೆ.

ಫಸ್ಟ್ ಕ್ರಿಶ್ಚಿಯನ್ ಚರ್ಚಿನ ಗೋಪುರ ಬಿರುಕು ಬಿಟ್ಟು ಅಪಾಯದ ಸ್ಥಿತಿಗೆ ಬಂದಾಗ, ಸಭೆಯ ಸದಸ್ಯರ ಜೊತೆಗೆ ಪರಂಪರೆಯ ಸಂರಕ್ಷಣೆಗೆ ದುಡಿಯುವ ಸಂಸ್ಥೆಗಳೂ ಆ ಸಭೆಗೆ ಸೇರದ ಜನರೂ ದುರಸ್ತಿಗೆ ಕೈಜೋಡಿಸಿದರು. ವೀಕ್ಷಕರು ಹೀಗೆ ಹೊಣೆಗೆ ಹೆಗಲು ಕೊಟ್ಟಾಗ, ಆರಾಧಕನಿಗೂ ವೀಕ್ಷಕನಿಗೂ ಇರುವ ಅಂತರವೆಂದು ಮೇಲೆ ಹೇಳಿದ ಬಾಧ್ಯತೆ ಇಬ್ಬರಿಗೂ ಸೇರಿದ್ದಾಗುತ್ತದೆ. ನಾರ್ತ್ ಕ್ರಿಶ್ಚಿಯನ್ ಕಟ್ಟಡದ ಹೊಸ ಒಡೆಯರ ಮುಂದಿರುವ ಪ್ರಶ್ನೆಯನ್ನೂ ಇದೇ ಅಳತೆಯಿಂದ ನೋಡಬೇಕು. ಅಲ್ಲಿ ಉಪನ್ಯಾಸ ನಡೆಯಲಿ, ಸಂಗೀತ ನಡೆಯಲಿ, ಊರಿನ ಜನ ತಮ್ಮ ಜಗಳಗಳನ್ನು ತಂದು ಚರ್ಚಿಸಲಿ, ಮಕ್ಕಳು ಓದಲಿ. ಇವುಗಳಲ್ಲಿ ಯಾವುದೂ ಆ ಮಾಡಿನ ಕೆಳಗೆ ಅಪಚಾರವಲ್ಲ. ಆದರೆ ಮೇಜನ್ನು ನಡುವಿನಿಂದ ತೆಗೆದು, ಬೆಂಚುಗಳನ್ನು ಒಂದೇ ದಿಕ್ಕಿಗೆ ತಿರುಗಿಸಿ, ಎದುರಿಗೊಂದು ವೇದಿಕೆ ಕಟ್ಟಿದರೆ ಶಿಖರ, ಗವಾಕ್ಷ, ಹೆಗ್ಗುರುತಿನ ಫಲಕ ಎಲ್ಲವೂ ಇದ್ದಹಾಗೆಯೇ ಇದ್ದರೂ ಈರೊ ಸಾರಿನೆನ್ ಕಟ್ಟಿದ್ದು ಅಲ್ಲಿ ಇರುವುದಿಲ್ಲ.